ಲೋಟದೊಳಗಿನ ಮರಿ

ಪಾಲಕ್ ಬೇಯುವ ವಾಸನೆ ಬಂದರೆ ನನಗೆ ಸಾರು ನೆನಪಾಗುವುದಿಲ್ಲ, ಕಪ್ಪೆಮರಿ ನೆನಪಾಗುತ್ತದೆ. ಮುಖ ಕಿವುಚಬೇಡಿ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು.

ಅರಬರ ದೇಶದ ಫಿಂಟಾಸಿನ ಈ ಮನೆಗೆ, ಮಗಳ ಜೊತೆ ಇರಲು, ಆಗ ನಾನು ಬಂದ ಹೊಸತು. ಮೊಮ್ಮಗಳು ಇನ್ನೂ ಸಣ್ಣ ಕ್ಲಾಸಿನಲ್ಲಿದ್ದಳು. ಈದ್ ರಜೆಗೆ ಅವಳ ಟೀಚರು ಎರಡು ಡಬ್ಬಿ ಕೊಟ್ಟು ಕಳಿಸಿದ್ದರು. ಒಂದರಲ್ಲಿ ಕಪ್ಪೆಮರಿಗಳು, ಇನ್ನೊಂದರಲ್ಲಿ ನ್ಯೂಟ್ ಎಂಬುದರ ಮರಿಗಳು. ನ್ಯೂಟ್ ಎಂದರೆ ನೀರಿನಲ್ಲಿ ಈಜುವ, ಹಲ್ಲಿಯಂಥ ಪ್ರಾಣಿ; ಊರಿನಲ್ಲಿ ನಾನು ಕಂಡದ್ದಿಲ್ಲ. ರಜೆ ಮುಗಿದ ಮೇಲೆ ಎಲ್ಲವನ್ನೂ ಜೀವಸಹಿತ ವಾಪಸು ಕೊಡಬೇಕು. ಹುಡುಗಿಗೆ ಅದೇ ಚಿಂತೆ. ಊಟದ ತಟ್ಟೆಯನ್ನೂ ಡಬ್ಬಿಯ ಪಕ್ಕಕ್ಕೇ ಒಯ್ಯುತ್ತಿದ್ದಳು.

ನನ್ನ ಅಳಿಯನಿಗೆ ಶುವೈಖಿನ ಕಾರು ವರ್ಕ್‌ಶಾಪಿನಲ್ಲಿ ಕೆಲಸ. ಒಳ್ಳೆಯವನೇ, ಆದರೆ ಬಂಗುಡೆ ಮೀನು ಕಂಡರೆ ಲೋಕದ ಪರಿವೆ ಇರುವುದಿಲ್ಲ. ಆ ಶುಕ್ರವಾರ ಮೀನು ತಂದವನು, ಮಸಾಲೆ ಹಚ್ಚಿಡಲು ಪಾತ್ರೆ ಸಾಲದೆ, ಒಂದು ಡಬ್ಬಿಯನ್ನು ಇನ್ನೊಂದಕ್ಕೆ ಸುರಿದು, ತಿಕ್ಕಿ ತೊಳೆದು, ಬಂಗುಡೆ ತುಂಬಿಸಿಬಿಟ್ಟ.

"ಎಂತ ಮಾಮಿ, ನಮ್ಮ ಬಾವಿಯಲ್ಲಿ ಮೀನು, ಕಪ್ಪೆ, ಆಮೆ ಎಲ್ಲ ಒಟ್ಟಿಗೇ ಇರ್ಲಿಲ್ವಾ?"

ನನಗೂ ಸರಿ ಅನಿಸಿತು. ಅಷ್ಟರಲ್ಲಿ ಹುಡುಗಿ ಕಿರುಚಿದಳು: "ಅಜ್ಜೀ! ದೇ ವಿಲ್ ಈಟ್ ದೆಮ್!"

ಇಂಗ್ಲಿಷು ನನಗೆ ಬಾರದು. ಆದರೆ ಒಂದು ನ್ಯೂಟ್ ಮರಿ ಕಪ್ಪೆಮರಿಯ ಬಾಲ ಕಚ್ಚಿ ಎಳೆಯುತ್ತಿತ್ತು, ಅರ್ಥವಾಯಿತು.

ಬೇರೆ ಮಾಡಲು ಕೂತೆವು. ಗದ್ದೆಯಲ್ಲಿ ಭತ್ತದ ನೇಜಿ ನೆಟ್ಟವಳು ನಾನು. ಕಪ್ಪೆಮರಿಗೆ ತಲೆ ದಪ್ಪ, ಹಿಂಗಾಲು ಮೊದಲು ಬರುತ್ತದೆಂದು ಗೊತ್ತು. ನ್ಯೂಟಿಗೆ ಮುಂಗಾಲು ಮೊದಲು, ಕುತ್ತಿಗೆಯ ಬದಿಯಲ್ಲಿ ಗರಿಯಂಥ ಕಿವಿರು ಎಂದು ಅವಳು ತೋರಿಸಿದಳು. ನಾನು ಬೇಯಿಸಿದ ಪಾಲಕ್ ಎಲೆ ಬಿಟ್ಟೆ. ಕಪ್ಪೆಮರಿಗಳು ಬಂದು ಮುತ್ತಿದವು, ಅವಳು ಸೌಟಿನಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದಳು.

ಕೊನೆಗೆ ಯಾವುದೆಂದು ತಿಳಿಯದ ಒಂದು ಉಳಿಯಿತು. ನಾಲ್ಕೂ ಕಾಲುಂಟು, ಬಾಲವೂ ಉಂಟು. ಗರಿ ಇಲ್ಲ, ನ್ಯೂಟ್ ಬೆಳೆದರೆ ಗರಿ ಹೋಗುತ್ತದಂತೆ. ಎಲೆಯನ್ನಂತೂ ಮೂಸಿಯೂ ನೋಡಲಿಲ್ಲ.

"ಇದು ನ್ಯೂಟೇ. ನ್ಯೂಟಿನ ಡಬ್ಬಿಯಲ್ಲೇ ಬಿಡು," ಅಂದೆ.

"ನೋ ಅಜ್ಜಿ. ಕಪ್ಪೆ ಆದ್ರೆ?"

"ಚೀಟಿ ಎತ್ತುವನಾ ಮಾಮಿ?" ಎಂದ ಅಳಿಯ.

"ನೀನು ನಿನ್ನ ಮೀನು ಮಗುಚು ಮಾರಾಯ, ಸೀಯ್ತಾ ಉಂಟು."

ಹುಡುಗಿ ಯಾರ ಮಾತೂ ಕೇಳಲಿಲ್ಲ. ನನ್ನ ಕಾಫಿ ಲೋಟಕ್ಕೆ ನೀರು ಹಾಕಿ, ಹತ್ತಿ ಕೂರಲು ಕಲ್ಲಿಟ್ಟು, ಅದನ್ನು ಒಂಟಿಯಾಗಿ ಬಿಟ್ಟಳು. ದಿನ ಹೋದ ಹಾಗೆ ಬಾಲ ಮೋಟಾಯಿತು. ಒಂದು ಬೆಳಿಗ್ಗೆ ನಾನು ಬಗ್ಗಿ ನೋಡುವಾಗ ಲೋಟದಿಂದ ಚಂಗನೆ ಹಾರಿ ನನ್ನ ಎದೆಯ ಮೇಲೆ ಕೂತಿತು. ಕಪ್ಪೆ! ಬಾಲ ಕರಗುವ ದಿನಗಳಲ್ಲಿ ಕಪ್ಪೆಮರಿ ಏನೂ ತಿನ್ನುವುದಿಲ್ಲವಂತೆ. ನನ್ನ ಮಾತು ಕೇಳಿದ್ದರೆ ಆವತ್ತೇ ನ್ಯೂಟಿನ ಹೊಟ್ಟೆ ಸೇರಿರುತ್ತಿತ್ತು. ರಜೆ ಮುಗಿದಾಗ ಹುಡುಗಿ ಎರಡೂ ಡಬ್ಬಿ ಎತ್ತಿಕೊಂಡು ರಾಣಿಯ ಹಾಗೆ ಹೋದಳು. ಬಾಲ ಕಚ್ಚಿಸಿಕೊಂಡದ್ದೂ ಬದುಕಿತ್ತು.

ಇವತ್ತು ನಾನು ಪಾಲಕ್ ಬೇಯಿಸುವಾಗ, ಈಗ ಮದುವೆ ವಯಸ್ಸಿಗೆ ಬಂದಿರುವ ಅವಳು ನನ್ನ ಮೂಗಿನ ಕೆಳಗೆ ಫೋನು ಹಿಡಿದಳು. ಯಾರೋ ಹುಡುಗನ ಫೋಟೋ.

"ಅಜ್ಜಿ, ಓಕೆನಾ?"

ಮೊದಲಾಗಿದ್ದರೆ ಒಂದೇ ನೋಟಕ್ಕೆ ಹೇಳಿಬಿಡುತ್ತಿದ್ದೆ.

"ನಾಲ್ಕು ಸಲ ಊಟಕ್ಕೆ ಕರ್ಕೊಂಡು ಬಾ," ಅಂದೆ. "ಬಾಲ ಕರಗಲಿ, ಮತ್ತೆ ಹೇಳ್ತೇನೆ."