ಮಿಲ್ಲಿನ ಬಯಲಿಗೊಂದು ಕಾವಲು

ನಮ್ಮ ಪಕ್ಕದ ಮನೆ ಕೊಟ್ರಮ್ಮ ಯಾರನ್ನೂ ನಂಬುವವಳಲ್ಲ. ತರಕಾರಿಯವನ ತಕ್ಕಡಿಯ ಅಡಿಗೆ ಕೈಯಾಡಿಸಿ ನೋಡುತ್ತಾಳೆ. ಗುರುತಿಲ್ಲದವರು ಬಾಗಿಲಿಗೆ ಬಂದರೆ ಮೊದಲ ಮಾತೇ, "ನಿನ್ನ ಯಾರು ಕಳ್ಸಿದ್ದು?" ಚಿತ್ರದುರ್ಗದ ಹಳೇ ಹತ್ತಿ ಮಿಲ್ಲಿನಲ್ಲಿ ಅರ್ಧ ಆಯುಸ್ಸು ದುಡಿದವಳು. ಮಿಲ್ಲು ಮುಚ್ಚುವುದಿಲ್ಲ ಎಂದು ಮಾಲೀಕರು ಹೇಳಿದ ವಾರವೇ ಬೀಗ ಬಿತ್ತು. ಹಾಗಾಗಿ ಅವಳನ್ನು ಪೂರ್ತಿ ಬೈಯಲೂ ಆಗುವುದಿಲ್ಲ.

ಮಿಲ್ಲು ಹೋದರೂ ಅದರ ಅಂಗಳ ನಮಗೆ ಉಳಿದಿತ್ತು. ನಮ್ಮ ಲೈನ್ ಮನೆಗಳಿಗೆ ಹಿತ್ತಿಲಿಲ್ಲ. ಮೆಣಸಿನಕಾಯಿ, ಸಂಡಿಗೆ ಒಣಗುವುದು, ಸಂಜೆ ಹೆಂಗಸರು ಬೇವಿನ ಮರದಡಿ ಕೂರುವುದು, ಎಲ್ಲ ಅಲ್ಲೇ. ಕೊಟ್ರಮ್ಮನಿಗಂತೂ ಆ ಬಯಲು ಬಿಟ್ಟರೆ ಬೇರೆ ಲೋಕವಿಲ್ಲ.

ಎರಡು ವರ್ಷದ ಹಿಂದೆ ಅಲ್ಲಿ ಹೊಸ ಬಡಾವಣೆ ಎಂದಾಯಿತು. ನಕ್ಷೆ ಹಿಡಿದು ಬಂದ ಇಂಜಿನಿಯರ್ ಸುಷ್ಮಿತಾ ಹಸಿರು ಬಳಿದ ಜಾಗ ತೋರಿಸಿ, "ಮನೆಗಳು ಆ ಕಡೆ ಬರ್ತವೆ. ಈ ಅಂಗಳ ಬಯಲಾಗೇ ಇರುತ್ತಮ್ಮ, ಎಲ್ಲರಿಗೂ" ಎಂದಳು.

"ಹಸಿರು ಬಳ್ಯಾಕೆ ಏನು ಖರ್ಚು? ನಾಳೆ ಇದ್ನೂ ಸೈಟ್ ಮಾಡಿ ಮಾರ್ತೀರಿ. ನಿನ್ನ ಯಾರು ಕಳ್ಸಿದ್ದು?" ಎಂದಳು ಕೊಟ್ರಮ್ಮ.

ಆ ಹುಡುಗಿ ಮುಖ ಸಣ್ಣದು ಮಾಡಿಕೊಂಡು ಹೋದಳು. "ಪಾಪ, ನಿಜಾನೇ ಹೇಳಿರಬೌದು ಕಣಕ್ಕ" ಎಂದೆ.

"ನೀನೂ ಸೇರ್ಕಂಡಾ ಅವರ ಜತೆ?"

ನನಗೆ ರೇಗಿಹೋಯಿತು.

ಮಿಕ್ಸಿ ಬಂದ ಮೇಲೆ ಅವಳ ರುಬ್ಬುಗುಂಡು ಮೂಲೆ ಸೇರಿತ್ತು. ಮರುದಿನ ಅದನ್ನು ಸೊಂಟದ ಮೇಲೆ ಹೊತ್ತು ತಂದು ಬೇವಿನ ಬುಡದಲ್ಲಿ ನೆಟ್ಟು, ಅರಿಶಿನ ಕುಂಕುಮ ಬಳಿದಳು. "ದೇವರ ಕಲ್ಲು ಕೀಳೋ ಗಂಡ್ಸು ಯಾವನವ್ನೆ, ನೋಡಾಣ."

ಯಾರೂ ಕೀಳಲಿಲ್ಲ. ಮಂಗಳವಾರ ಯಾರೋ ಕಾಯಿ ಒಡೆದರು. ಆಮೇಲೆ ಹರಕೆ ಶುರುವಾಯಿತು. ಬಡಾವಣೆಯಲ್ಲಿ ಮೊದಲು ಮನೆ ಕಟ್ಟಿದ ಮುರುಗೇಶ್ ಒಂದು ಸಮಿತಿ ಮಾಡಿ, ಕಲ್ಲಿನ ಮೇಲೆ ತಗಡಿನ ಸೂರು ಹಾಕಿಸಿ, ಅಷ್ಟೂ ಬಯಲಿಗೆ ಕಾಂಪೌಂಡ್ ಎಬ್ಬಿಸಿ ಗೇಟಿಗೆ ಬೀಗ ಹಾಕಿದ. ಸುಷ್ಮಿತಾ ಬಂದು ನೋಡಿದಳು. "ದೇವರ ವಿಷಯ. ನನ್ನ ಕೈಲಿ ಆಗಲ್ಲಮ್ಮ" ಎಂದಳು.

ಮೆಣಸಿನಕಾಯಿ ಮೊರ ಹಿಡಿದು ನಾವಿಬ್ಬರೂ ಹೋದಾಗ ಮುರುಗೇಶ್ ಗೇಟಿನಲ್ಲೇ ತಡೆದ. "ಇಲ್ಲಿ ಒಣಗ್ಸಂಗಿಲ್ಲಜ್ಜಿ. ಅಮ್ಮನ ಜಾಗ."

"ಅದು ಅಮ್ಮನೂ ಅಲ್ಲ, ಏನೂ ಅಲ್ಲ ಕಣಪ್ಪ" ಎಂದು ಕೊಟ್ರಮ್ಮ ಅತ್ತೇಬಿಟ್ಟಳು. "ನಾನಿಟ್ಟ ರುಬ್ಬುಗುಂಡು. ಒರಳು ಮನೇಲೈತೆ, ಬಂದು ನೋಡು."

ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಜಾಗ ಹೊಡ್ಯಾಕೆ ನಿನ್ನ ಯಾರು ಕಳ್ಸಿದ್ದು?"

ಅವಳು ಹೇಳುವುದು ನಿಜ ಎಂದು ನಾನೂ ಸಾಕ್ಷಿ ನುಡಿದೆ. ನನ್ನನ್ನೂ ಹಾಗೇ ನೋಡಿದ.

ಈಗ ಮೆಣಸಿನಕಾಯಿ ರಸ್ತೆಬದಿಯ ಧೂಳಿನಲ್ಲಿ ಒಣಗುತ್ತದೆ. ಮಂಗಳವಾರ ಗೇಟು ತೆರೆದಾಗ ಕೊಟ್ರಮ್ಮ ಎಲ್ಲರ ಜೊತೆ ಸಾಲಿನಲ್ಲಿ ನಿಂತು, ತನ್ನ ರುಬ್ಬುಗುಂಡಿಗೆ ಕೈಮುಗಿದು ಬರುತ್ತಾಳೆ. ಆ ಬಯಲಿನಲ್ಲಿ ಒಂದು ಗಳಿಗೆ ನಿಲ್ಲಬೇಕೆಂದರೆ ಅವಳಿಗೆ ಬೇರೆ ದಾರಿಯಿಲ್ಲ.