ಒರತೆಗೆ ಬಂದ ಸಿಪಿಲೆ

ಮೊಮ್ಮಗಳು ಇವತ್ತು ಜಯಮಂಗಲಿ ಹೊಳೆಗೆ ಹೋಗಿ, ಸಿಪಿಲೆ ಹಕ್ಕಿಯ ಫೋಟೋ ತೆಗೆದು ತಂದು ಮೊಬೈಲಿನಲ್ಲಿ ತೋರಿಸಿದಳು. ಬಾಲದ ಗರಿಗಳನ್ನು ಎಣಿಸಬಹುದಿತ್ತು.

ಕೊರಟಗೆರೆಯಲ್ಲಿ ಮೇಷ್ಟರಾಗಿದ್ದ ನಮ್ಮಪ್ಪನಿಗೂ ಇದೇ ಹಕ್ಕಿಯ ಹುಚ್ಚು. ಮೂರು ಕಾಲಿನ ಮೇಲೆ ನಿಲ್ಲುವ ಕ್ಯಾಮೆರಾ, ಅದಕ್ಕೊಂದು ಕರಿಯ ಮುಸುಕು. ಯುದ್ಧದ ಕಾಲ, ಪಟ ಮೂಡಿಸುವ ಗಾಜಿನ ಪ್ಲೇಟು ಸಿಗುತ್ತಿರಲಿಲ್ಲ. ಉಳಿದಿದ್ದ ಒಂದನ್ನು ನಮ್ಮಜ್ಜಿಯ ಪಟಕ್ಕೆಂದು ಎತ್ತಿಟ್ಟಿದ್ದರು. ಅಜ್ಜಿ ಒಪ್ಪಲಿಲ್ಲ.

“ಪಟಕ್ಕೆ ಕೂತ್ರೆ ಆಯಸ್ಸು ಕಮ್ಮಿ ಆಯ್ತದೆ ಕಣ್ಲಾ. ಆ ಹಕ್ಕೀದೇ ತೆಕ್ಕೋ, ಹೋಗು.”

ಬೇಸಿಗೆಯ ಹೊಳೆಯಲ್ಲಿ ಬರೀ ಮರಳು. ಅಜ್ಜಿ ಕೈಯಲ್ಲೇ ಒರತೆ ತೋಡಿ, ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸುತ್ತಿದ್ದಳು. ಸಿಪಿಲೆ ಕುಡಿಯಲೆಂದು ಗುಂಡಿಯನ್ನು ಮುಚ್ಚದೆ ಬರುತ್ತಿದ್ದಳು. ಅವತ್ತು ಅಪ್ಪ ಹೊಳೆಯಲ್ಲಿ ಕ್ಯಾಮೆರಾ ಹೂಡಿ ಕಾದಿದ್ದರು; ಅಜ್ಜಿ ಕೊಡ ತುಂಬಿಸಿ ಮೇಲೇಳುವ ಮೊದಲೇ ಹಕ್ಕಿ ಬಂದು ಒರತೆಯ ಅಂಚಿನಲ್ಲಿ ಕೂತು ಸಿಳ್ಳೆ ಹಾಕತೊಡಗಿತು.

“ಅವ್ವಾ, ಅಲ್ಲಾಡ್ಬ್ಯಾಡ, ಹಾರೋಯ್ತದೆ” ಎಂದರು ಅಪ್ಪ, ಮುಸುಕಿನೊಳಗಿಂದ. ಅಜ್ಜಿ ಉಸಿರು ಬಿಗಿಹಿಡಿದು ಕೂತಳು.

ಪ್ಲೇಟು ತೊಳೆದು ನೋಡಿದರೆ, ಬಾಲ ಕುಣಿಸುವುದನ್ನು ನಿಲ್ಲಿಸದ ಹಕ್ಕಿ ಬರೀ ಮಸುಕು ಕಲೆಯಾಗಿತ್ತು. ಅದರ ಹಿಂದೆ ಕೂತಿದ್ದ ಅಜ್ಜಿ ಮಾತ್ರ ಮುಖದ ಸುಕ್ಕುಗಳ ಸಮೇತ ಮೂಡಿದ್ದಳು. ಅಪ್ಪ ಅದನ್ನು ಅವಳಿಗೆ ತೋರಿಸಲೇ ಇಲ್ಲ. ತನ್ನ ಪಟ ಮೂಡಿದ್ದು ಗೊತ್ತಿಲ್ಲದೆ ಅಜ್ಜಿ ಇನ್ನೂ ಬಹಳ ವರ್ಷ ಬದುಕಿದಳು. ಅವಳು ಹೋದ ಮೇಲೆ ಪಟ ಗೋಡೆಗೆ ಬಂತು.

ಮೊಮ್ಮಗಳು ಈಗ ಅದರ ಮುಂದೆ ನಿಂತಿದ್ದಾಳೆ. “ತಾತ, ಈ ಅಜ್ಜಿ ಇಷ್ಟು ಹುಷಾರಾಗಿ ಏನು ನೋಡ್ತಿದಾರೆ?”

ನಾನು ಆ ಕಲೆಯ ಮೇಲೆ ಬೆರಳಿಟ್ಟೆ.