ನೋಡಲು ಬಂದ ದಿನದ ಜಾಲರಿ

ಕೆಲಸಗಾರ ಮಾಡಿದ ತಪ್ಪಿಗೆ ಮಾಲೀಕ ಹೊಣೆ. ವಾಣಿಜ್ಯ ಕಾನೂನಿನ ಈ ಸಾಲನ್ನು ವರ್ಷವರ್ಷವೂ ಗಿಣಿಪಾಠ ಮಾಡಿಸಿ ನನಗೇ ವಾಕರಿಕೆ ಬಂದಿತ್ತು. ಕಂಪನಿ ಹೇಗೆ ನಡೆಯುತ್ತದೋ ಕಣ್ಣಾರೆ ನೋಡಿ ಸಾಯಿರಿ ಎಂದು ಬೈದು, ಕಾಲೇಜಿನ ಹುಡುಗರನ್ನು ಸಿಕಂದರಾಬಾದಿನ ಹತ್ತಿರ ಕುಷಾಯಿಗೂಡದ ಆಚೆಯ ಒಂದು ತಗಡಿನ ಕಾರ್ಖಾನೆಗೆ ಕರೆದೊಯ್ದೆ.

ಸೂಪರ್‌ವೈಸರ್ ಬೀದರ್ ಕಡೆಯವನು. ನನ್ನ ಕನ್ನಡ ಕೇಳಿ ಮುಖ ಅರಳಿಸಿದ. ತಗಡು ಒತ್ತುವ ಯಂತ್ರಗಳಿಗೆಲ್ಲ, ಕೈ ಒಳಗೆ ಹೋಗದಂತೆ ಕಬ್ಬಿಣದ ಜಾಲರಿ ಇತ್ತು. ಮೆಚ್ಚಿಕೊಂಡೆ. ಅವನು ದನಿ ತಗ್ಗಿಸಿ, ನೋಡಲು ಯಾರಾದರೂ ಬಂದ ದಿನ ಮಾತ್ರ ಇದನ್ನು ಹಾಕುತ್ತೇವೆ, ಕೆಲಸ ನಿಧಾನವಾಗುತ್ತದೆಂದು ಮಾಲೀಕರು ಫೋನು ಮಾಡಿ ತೆಗೆಸಿಬಿಡುತ್ತಾರೆ ಎಂದ.

ನಾವು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದಾಗಲೇ ಚೀರಾಟ ಕೇಳಿತು. ಓಡಿದೆವು. ಜಾಲರಿ ಆಗಲೇ ಗೋಡೆಗೆ ಒರಗಿತ್ತು. ಯಾದಗಿರಿಯಿಂದ ಬಂದ ಆಳೊಬ್ಬನ ಬಲಗೈ ಮಣಿಕಟ್ಟಿನವರೆಗೆ ಜಜ್ಜಿಹೋಗಿ ರಕ್ತ ಸುರಿಯುತ್ತಿತ್ತು. ಅವನನ್ನು ಆಟೋದಲ್ಲಿ ಕಳಿಸಿದ್ದೇ ತಡ, ಉಳಿದವರು ಸೂಪರ್‌ವೈಸರನ ಮೇಲೆ ಬಿದ್ದರು. ಒದ್ದರು, ಕಬ್ಬಿಣದ ಪೈಪಿನಿಂದ ಬಾರಿಸಿದರು. ಅವನ ಹಲ್ಲುಗಳು ನೆಲಕ್ಕೆ ಉದುರಿದ್ದನ್ನು ಕಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನಗೆ ಸಿಟ್ಟು ನೆತ್ತಿಗೇರಿತು. ನುಗ್ಗಿ ಪೈಪು ಹಿಡಿದೆ.

"ಇವನ್ನ ಯಾಕ ಕೊಲ್ಲಾಕತ್ತೀರಿ? ಜಾಲರಿ ತೆಗೆಸಿದಾಂವ ನಿಮ್ಮ ಮಾಲೀಕ!"

ನನ್ನ ಭುಜಕ್ಕೂ ಏಟು ಬಿತ್ತು. ಅಷ್ಟರಲ್ಲಿ ನನ್ನ ಹುಡುಗರು ಸೂಪರ್‌ವೈಸರನನ್ನು ಹೊರಗೆ ಎಳೆದುಕೊಂಡರು.

ಸಂಜೆ ಸಿಕಂದರಾಬಾದಿನ ಆಸ್ಪತ್ರೆಗೆ ಪೊಲೀಸರನ್ನು ನಾನೇ ಕರೆಸಿದೆ. ಅವರಿಗಿಂತ ಮೊದಲೇ ಮಾಲೀಕರು ಸೇಬಿನ ಚೀಲ ಹಿಡಿದು ಬಂದು, ಸೂಪರ್‌ವೈಸರನ ಮಂಚದ ಬಳಿ ಪಿಸುಗುಟ್ಟಿ ಹೋಗಿದ್ದರು. ಅವನು ನಿಜ ಹೇಳಿದರೆ ಕ್ರಿಮಿನಲ್ ಕೇಸು ಮಾಲೀಕರ ಮೇಲೆ, ಇಲ್ಲದಿದ್ದರೆ ಅವನ ಮೇಲೆ. ಜಾಲರಿ ತೆಗೆಸಿದ್ದು ಯಾರೆಂದು ಪೊಲೀಸರು ತೆಲುಗಿನಲ್ಲಿ ಕೇಳಿದರು. ಊದಿದ ತುಟಿಗಳಿಂದ ಅವನು, ತಾನೇ ಎಂದ.

ಪೊಲೀಸರು ಹೋದ ಮೇಲೆ ನಾನು ಬಾಯಿಗೆ ಬಂದಂತೆ ಬೈದೆ. ಜೈಲಿಗೆ ಹೋಗುತ್ತೀಯಾ ಮೂರ್ಖ, ನಿನ್ನನ್ನು ಉಳಿಸಲು ನಾನು ಏಟು ತಿಂದೆ ಎಂದೆ. ಅವನು ಸೇಬಿನ ಚೀಲವನ್ನು ಪಕ್ಕಕ್ಕೆ ಸರಿಸಿದ.

"ನನ್ನ ಜಾಗಾಕ್ಕ ನನ್ನ ತಮ್ಮನ್ನ ತಗೋತಾರಂತ್ರಿ, ಅಕ್ಕಾರ."

ಹಾಗಾದರೆ ತಮ್ಮನಿಗಾದರೂ ಆ ಜಾಲರಿ ಹಾಕಿಕೊಡುತ್ತಾರೇನು ಎಂದು ಕೇಳಿದೆ.

"ನೀವು ಮತ್ತ ಹುಡುಗರನ್ನ ಕರಕೊಂಡು ಬಂದ ದಿನ ಹಾಕ್ತಾರ್ರಿ."